ಹೇಳಬಾರದ ಹೆಸರು

ಅಮ್ಮನಿಗೆ ಮರೆವು ಶುರುವಾಗಿದೆ ಎಂದು ಮಗಳು ಸುಮನಾ ಹೇಳಿದಾಗ ಗಂಗಾಧರಪ್ಪನವರಿಗೆ ಸಿಟ್ಟು ಬಂತು. ಯಾರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ ಎಂದು ಗೊಣಗಿಕೊಂಡೇ ಹೆಂಡತಿ ಲಿಂಗಮ್ಮನನ್ನು ಭದ್ರಾವತಿಯಿಂದ ಬಸ್ಸು ಹತ್ತಿಸಿ, ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕಿಗೆ ಕರೆತಂದರು. ಅಲ್ಲಿ ಕಂಪ್ಯೂಟರಿನಲ್ಲೇ ನೆನಪಿನ ಪರೀಕ್ಷೆ ಮಾಡುತ್ತಾರಂತೆ. ಅಡಿಕೆ ತೂಗಿದ ಹಾಗೆ ನೆನಪನ್ನೂ ತೂಗುವ ಕಾಲ ಬಂತಲ್ಲ ಎಂದು ಹೊರಗೆ ನಗಾಡಿದರೂ, ಇವಳು ನಪಾಸಾದರೆ ಏನು ಗತಿ ಎಂದು ಒಳಗೊಳಗೇ ಹೆದರಿದ್ದರು.

ಪರೀಕ್ಷೆ ಮಾಡುವ ಹುಡುಗಿ ರಶ್ಮಿ. ಪರದೆಯ ಮೇಲೆ ಒಂದೊಂದೇ ಮುಖ, ಅದರ ಕೆಳಗೆ ಹೆಸರು. ಆಮೇಲೆ ಬರೀ ಮುಖ ಬರುತ್ತದೆ, ಹೆಸರನ್ನು ನೆನಪಿಸಿಕೊಂಡು ಹೇಳಬೇಕು. ಲಿಂಗಮ್ಮ ಶಾಮಲಾ ಎಂದರು, ಜಯಶೀಲಾ ಎಂದರು. ಮೀಸೆಯವನೊಬ್ಬನ ಮುಖ ಬಂದಾಗ ಮಾತ್ರ ತುಟಿ ಬಿಗಿದು ಸೆರಗು ಸರಿಮಾಡಿಕೊಂಡರು. ಸಮಯ ಮುಗಿದು ಪರದೆಯಲ್ಲಿ ಕೆಂಪು ಗುರುತು ಬಿತ್ತು. ಗಂಗಾಧರಪ್ಪನವರು ಕುರ್ಚಿ ಬಿಟ್ಟು ಎದ್ದರು. ಆ ಮೀಸೆಯವನ ಹೆಸರೇನಮ್ಮ ಎಂದು ರಶ್ಮಿಯನ್ನು ಕೇಳಿದರು. ಗಂಗಾಧರಪ್ಪ ಎಂದಳು.

"ಅವ್ರ ಹೆಸ್ರು ನಾ ಹೆಂಗೆ ಹೇಳ್ಲಿ?" ಎಂದು ಲಿಂಗಮ್ಮ ತಲೆ ತಗ್ಗಿಸಿದರು.

ಗಂಗಾಧರಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ರಶ್ಮಿ ಆ ಹೆಸರನ್ನು ಮೂರ್ತಪ್ಪ ಎಂದು ಬದಲಾಯಿಸಿ ಮತ್ತೆ ಪರೀಕ್ಷೆ ಮಾಡಿದಾಗ ಲಿಂಗಮ್ಮ ಪಾಸಾದರು. ಒಂದು ವರ್ಷ ಬಿಟ್ಟು ಬನ್ನಿ ಎಂದು ರಶ್ಮಿ ಕಳಿಸಿದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಂಗಾಧರಪ್ಪನವರಿಗೆ ಹಳೆಯದೆಲ್ಲ ನೆನಪಾಯಿತು. ಮದುವೆಯಾದ ಹೊಸತು, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಸಂಸಾರ. ಒಂದು ದಿನ ಬುತ್ತಿ ಮರೆತು ಕೆಲಸಕ್ಕೆ ಹೋಗಿದ್ದರು. ಹೊಸ ಮದುಮಗಳು ಬುತ್ತಿ ಹಿಡಿದು ಗೇಟಿಗೆ ಬಂದಳು. ಯಾರಿಗೆ ಕೊಡಬೇಕು ಎಂದು ಕಾವಲುಗಾರ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಶಿವನ ಜಟೆಯ ಗಂಗೆಯನ್ನು ಬೆರಳಿಟ್ಟು ತೋರಿಸಿದಳು. ಅಂದಿನಿಂದ ಜೊತೆಯವರು ಅವರನ್ನು ಜಟೆಯಪ್ಪ ಎಂದೇ ಕರೆದರು. ಮಗಳ ತೊಟ್ಟಿಲು ಶಾಸ್ತ್ರದಲ್ಲಿ ಹೆಂಗಸರೆಲ್ಲ ಗಂಡನ ಹೆಸರು ಹೇಳು ಎಂದು ಗಂಟುಬಿದ್ದಾಗಲೂ ಅವಳು ಅಡುಗೆಮನೆ ಸೇರಿ ಅಗಳಿ ಹಾಕಿಕೊಂಡವಳು. ಅವಳ ಬಾಯಲ್ಲಿ ಒಂದೇ ಒಂದು ಸಲ ತಮ್ಮ ಹೆಸರು ಕೇಳಬೇಕೆಂದು ಗಂಗಾಧರಪ್ಪನವರಿಗೆ ಎಷ್ಟೋ ಸಲ ಆಸೆಯಾಗಿತ್ತು. ಗೋಗರೆದಿದ್ದರು, ಸೀರೆಯ ಆಸೆಯನ್ನೂ ತೋರಿಸಿದ್ದರು. ಅವಳು ಸೀರೆ ಇಸಿದುಕೊಂಡಳೇ ಹೊರತು ಹೆಸರು ಹೇಳಲಿಲ್ಲ.

ವರ್ಷ ಕಳೆಯಿತು. ಆ ವರ್ಷದಲ್ಲಿ ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಿತು, ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಪರೀಕ್ಷೆಯಲ್ಲಿ ಪಾಸಾದವಳು ಎಂದು ಗಂಗಾಧರಪ್ಪನವರು ಮಗಳ ಬಾಯಿ ಮುಚ್ಚಿಸಿದರು.

ಎರಡನೆಯ ಸಲ ಕ್ಲಿನಿಕ್ಕಿಗೆ ಹೋದಾಗ ಕಂಪ್ಯೂಟರಿನಲ್ಲಿ ಮೊದಲಿನ ಹೆಸರುಗಳೇ ಇದ್ದವು. ರಶ್ಮಿಗೆ ಬದಲಾಯಿಸುವ ನೆನಪಾಗಲಿಲ್ಲ. ಅದು ಗೊತ್ತಾದರೂ ಗಂಗಾಧರಪ್ಪನವರು ನೆನಪಿಸಲಿಲ್ಲ. ಹೆಂಡತಿ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸುವುದನ್ನು ಇನ್ನೊಮ್ಮೆ ನೋಡುವ ಆಸೆ ಅವರಿಗೆ.

ಮೀಸೆಯವನ ಮುಖ ಬಂತು.

"ಗಂಗಾಧರಪ್ಪ" ಎಂದರು ಲಿಂಗಮ್ಮ, ತಡವರಿಸದೆ, ಬೀದಿಯಲ್ಲಿ ಹೋಗುವ ಯಾರನ್ನೋ ಕರೆದಂತೆ.

ಪರದೆಯಲ್ಲಿ ಹಸಿರು ಗುರುತು ಬಿತ್ತು. ಹೋದ ಸಲ ತಪ್ಪಿಸಿದ್ದನ್ನೂ ಈ ಸಲ ಹೇಳಿದರು ಎಂದು ರಶ್ಮಿ ಖುಷಿಪಟ್ಟಳು. ಗಂಗಾಧರಪ್ಪನವರು ಕಾದು ಕಾದು ಕೇಳಿದ ಹೆಸರು ಹೆಂಡತಿಯ ಬಾಯಲ್ಲಿ ಪರದೆಯ ಮೀಸೆಯವನದಷ್ಟೇ ಆಗಿತ್ತು. ಅವಳು ಪರೀಕ್ಷೆಯಲ್ಲಿ ಗೆದ್ದಿದ್ದಳು, ಅವರಿಗೆ ಅಳು ಬಂತು.

ಲಿಂಗಮ್ಮ ಮಗುವಿನಂತೆ ಅವರ ಕಡೆ ತಿರುಗಿದರು. "ಸರಿಯಾಗಿ ಹೇಳಿದ್ನಾ?"

"ಸರಿಯಾಗೇ ಹೇಳ್ದೆ ಮಾರಾಯ್ತಿ" ಎಂದು ಗಂಗಾಧರಪ್ಪನವರು ಅವಳ ಜಾರಿದ ಸೆರಗನ್ನು ತಾವೇ ಸರಿಮಾಡಿದರು.