ಎಡಗೈಗೆ ಎಣ್ಣೆ, ಬಲಗೈಗೆ ಲೋಳೆಸರ

ಮಾರ್ಚ್ ಹನ್ನೊಂದು. ನನ್ನ ಹೆಂಡತಿಯ ಎಡಗೈಯಲ್ಲಿ ಹತ್ತೊಂಬತ್ತು ಬಿರುಕುಗಳು, ಬಲಗೈಯಲ್ಲಿ ಇಪ್ಪತ್ತು. ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಎರಡು ಬಾರಿ ಎಣಿಸಿದೆ.

ಆರು ವರ್ಷಗಳಿಂದ ಅವಳಿಗೆ ಕೈ ತುರಿಸಿ ಒಡೆಯುವ ಈ ಕಾಟ. ಹೋಗುತ್ತದೆ, ಮತ್ತೆ ಬರುತ್ತದೆ. ಅವಳು ರೇಷ್ಮೆ ಬಟ್ಟೆಗಳ ಅಂಚನ್ನು ಮಡಿಚಿ ಕೈಯಿಂದ ಹೊಲಿಯುವವಳು. ಒರಟು ಬೆರಳಿಗೆ ಸಿಕ್ಕ ಎಳೆ ಜಗ್ಗಿ, ಎರಡು ಬಟ್ಟೆ ಕೆಟ್ಟಿದ್ದವು. ತಿಂಗಳ ಕೊನೆಯೊಳಗೆ ಕೈ ನಯವಾಗದಿದ್ದರೆ ರೇಷ್ಮೆಯನ್ನು ಬೇರೆಯವರಿಗೆ ಕೊಡುವುದಾಗಿ ಅಂಗಡಿಯ ಯಜಮಾನಿ ಮೆದುವಾಗಿಯೇ ಹೇಳಿ ಕಳುಹಿಸಿದ್ದಳು. ಹತ್ತಿಬಟ್ಟೆ ಹೊಲಿಯಬಹುದಿತ್ತು. ಆದರೆ ರೇಷ್ಮೆ ಮಡಿಲಿಗೆ ಬಿದ್ದಾಗ ಅವಳ ಮುಖಕ್ಕೆ ಇಳಿಯುವ ಶಾಂತಿಯನ್ನು, ನೀರಿನೊಳಗಿಂದ ಆಕಾಶ ನೋಡುವವರ ಆ ಶಾಂತಿಯನ್ನು, ನಾನು ಬಲ್ಲೆ.

ಸಲಹೆಗಳಿಗೆ ಬರವಿರಲಿಲ್ಲ. ಅವಳ ತಂಗಿ ವಿನೆಗರ್ ಎಂದಳು. ಹಚ್ಚಿದಾಗ ಗಾಯದ ಮೇಲೆ ಬರೆ ಎಳೆದಂತಾಯಿತು. ನೆರೆಯ ಬಡಗಿ ಅರಿಸಿನ ಎಂದ. ಬೆರಳು ಹಳದಿಯಾಯಿತು, ಅಷ್ಟೇ. ಉಳಿದವು ಕೊಬ್ಬರಿ ಎಣ್ಣೆ ಮತ್ತು ಲೋಳೆಸರ. ನಾನು ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು. ಎರಡನ್ನೂ ಬೆರೆಸಿದರೆ ಗುಣ ಯಾವುದರದ್ದೆಂದು ತಿಳಿಯದು. ಎಡಗೈಗೆ ಎಣ್ಣೆ, ಬಲಗೈಗೆ ಲೋಳೆಸರ, ಹನ್ನೆರಡು ದಿನ. ಹಚ್ಚಿದ್ದು ತೊಳೆದುಹೋಗಬಾರದೆಂದು ಪಾತ್ರೆ, ಬಟ್ಟೆ, ನೆಲ ಮೂರನ್ನೂ ನಾನೇ ವಹಿಸಿಕೊಂಡೆ.

"ಅಕ್ಕ ಏನು ತಕ್ಕಡೀನಾ ಭಾವ, ಎರಡು ತಟ್ಟೆ ಮಾಡಿ ತೂಗೋಕೆ?" ಎಂದಳು ಅವಳ ತಂಗಿ. ನಾನು ಲೆಕ್ಕದ ಪುಸ್ತಕದಲ್ಲಿ ಎಡ, ಬಲ ಎಂದು ಎರಡು ಅಂಕಣ ಎಳೆದೆ.

ಆ ಮಧ್ಯಾಹ್ನಗಳು ಮಂಜಿನಂತೆ ಸರಿದವು. ಬಿಸಿನೀರಿನ ಹಬೆಯಲ್ಲಿ ನಿಂತು ನಾನು ಪಾತ್ರೆ ಉಜ್ಜುತ್ತಿದ್ದೆ. ಅವಳು ಕಿಟಕಿಯ ಬಳಿ, ತನ್ನವಲ್ಲದ ಎರಡು ಎಲೆಗಳನ್ನು ಬೆಳಕಿಗೆ ಒಡ್ಡಿದವಳಂತೆ ಅಂಗೈ ತೆರೆದು ತೂಕಡಿಸುತ್ತಿದ್ದಳು. ಚರ್ಮದ ಕೆಳಗೆ ಯಾರೋ ಬರಿಗಾಲಲ್ಲಿ ನಡೆಯುತ್ತಿದ್ದರೆಂದೂ, ಈಗೀಗ ಅವರು ದೂರದ ಕೋಣೆಗೆ ಹೋಗಿರುವರೆಂದೂ ಒಮ್ಮೆ ಅರೆನಿದ್ದೆಯಲ್ಲಿ ಹೇಳಿದಳು. ಯಾವ ಕೈಯಲ್ಲಿ ಎಂದು ಕೇಳಿದೆ. ಎರಡರಲ್ಲೂ ಎಂದಳು.

ಹದಿಮೂರನೆಯ ದಿನ ಬೆಳಿಗ್ಗೆ ಎಣಿಸಿದೆ. ಎಡದಲ್ಲಿ ನಾಲ್ಕು, ಬಲದಲ್ಲಿ ನಾಲ್ಕು. ಎರಡು ಬೇರೆ ಮದ್ದುಗಳಿಗೆ ಒಂದೇ ಉತ್ತರ ಬರುವುದು ನನಗೆ ಒಪ್ಪಿಗೆಯಾಗಲಿಲ್ಲ. ಮತ್ತೆ ಭೂತಗನ್ನಡಿ ಎತ್ತಿದೆ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದಳು. "ರೀ, ಹನ್ನೆರಡು ದಿನದಿಂದ ಈ ಕೈಗಳು ಸೋಪಿನ ನೀರು ಕಂಡಿಲ್ಲ. ಅದನ್ನ ಯಾವ ಕೈಯ ಲೆಕ್ಕಕ್ಕೆ ಬರೆದ್ರಿ?"

ಬರೆದಿರಲಿಲ್ಲ. ಸಮೀಕರಣದ ಎರಡೂ ಕಡೆ ಇರುವುದನ್ನು ಹೊಡೆದುಹಾಕುವುದು ನನ್ನ ಅಭ್ಯಾಸ.

ಅವಳು ರೇಷ್ಮೆಯ ಒಂದು ತುಂಡನ್ನು ಬೆರಳುಗಳ ಮೇಲೆ ಎಳೆದಳು. ತೋರುಬೆರಳಿನ ಬಳಿ ಅದು ಕ್ಷಣ ತಡೆಯಿತು. ನಂತರ ನೆರಳಿನಂತೆ ಜಾರಿ ನೆಲಕ್ಕಿಳಿಯಿತು. ಅಂದೇ ಅಂಗಡಿಗೆ ಹೋಗಿ ಮೂರು ರೇಷ್ಮೆ ಬಟ್ಟೆ ತಂದಳು.

ಪ್ರಮೇಯದ ಸಾಧನೆ ಪೂರ್ಣವಾಗಿಲ್ಲವೆಂದು ನಾನು ತಿಳಿಸಿದೆ. ಅವಳು ಇನ್ನು ಹನ್ನೆರಡು ದಿನ ಎಣ್ಣೆ ಹಚ್ಚಿಕೊಂಡೇ ಪಾತ್ರೆ ತೊಳೆಯಬೇಕು. ಬಿರುಕು ಹೆಚ್ಚಿದರೆ ಮಾತ್ರ ತಪ್ಪು ನೀರಿನದೆಂದು ಸಾಬೀತಾಗುತ್ತದೆ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅದೊಂದು ಬಾಕಿ ಇರಲಿ ಬಿಡಿ," ಎಂದಳು.

ಇಂದಿಗೂ ಬಾಕಿ ಇದೆ.