ಬ್ಯಾಡಾದ ದಾರ

ನಾನು ಒಂದು ದಾರ. ಕುಂಕುಮದ ಬಣ್ಣದ ಕ್ರೋಶಾ ದಾರ. ಹತ್ತಿಯಾಗಿ ಹುಟ್ಟಿದೆ, ಗಿರಣಿಯಲ್ಲಿ ಬೆಳೆದೆ. ಅಲ್ಲಿ ನನ್ನನ್ನು ಹಿಂಜಿದರು, ನೂತರು, ಹುರಿ ಮಾಡಿದರು. ಕೊನೆಗೆ ಮೈಗೆ ಎಂಥ ನುಣುಪು ಕೊಟ್ಟರೆಂದರೆ, ಬೆರಳಿಗೆ ಸಿಕ್ಕರೂ ನಿಲ್ಲದೆ ಜಾರಿ ಹೋಗುತ್ತಿದ್ದೆ. ಹಾಕಿದ ಗಂಟೂ ತಾನೇ ಬಿಚ್ಚಿಕೊಳ್ಳುತ್ತಿತ್ತು. ದಾರಕ್ಕೆ ಇದು ಒಳ್ಳೆಯ ಗುಣವೇನು ಅಂತ ನೀವು ಕೇಳಬಹುದು. ನನಗೂ ಆ ಅನುಮಾನ ಇದ್ದೇ ಇತ್ತು.

ಧಾರವಾಡದ ಪೇಟೆಯಲ್ಲಿ ನನ್ನನ್ನು ಕೊಂಡವರು ಸರೋಜಿನಿಬಾಯಿ. ಟೀವಿಯ ಮೇಲೆ ಹಾಸುವ ಬಟ್ಟೆಗೆ ನನ್ನಿಂದ ಜಾಲರಿ ಹೆಣೆಯುತ್ತಿದ್ದರು. ಅಷ್ಟರಲ್ಲಿ ಅವರ ಮನೆಗೆ ಗೋಡೆಗೆ ಅಂಟುವ ತೆಳು ಟೀವಿ ಬಂತು. ಉಳಿದ ಉಂಡೆಯನ್ನು ಪಕ್ಕದ ಮನೆಯ ನೀಲಕ್ಕನ ಕೈಗೆ ಹಾಕಿ, “ತಗೋರಿ ನೀಲಕ್ಕ, ಈ ಟೀವಿ ಮ್ಯಾಲೆ ಸೊಳ್ಳಿ ಸೈತ ಕೂಡೂದಿಲ್ಲ, ಇನ್ನ ನನ್ನ ಜಾಲರಿ ಎಲ್ಲಿ ಕೂಡಬೇಕು?” ಅಂದರು.

ನೀಲಕ್ಕ, ಅಂದರೆ ನೀಲಾಂಬಿಕಾ, ಹೆಣ್ಣುಮಕ್ಕಳ ಸಾಲೆಯಲ್ಲಿ ಕೈಗೆಲಸ ಕಲಿಸಿ ನಿವೃತ್ತಿಯಾದವರು. ತಮ್ಮ ಮತ್ತು ತಮ್ಮನ ಹೆಂಡತಿ ಶಿವಲೀಲಾ ಜೊತೆ ಇದ್ದರು. ಪಡಸಾಲೆಯಲ್ಲಿ ಕೂತು, ಬಂದವರಿಗೆಲ್ಲ ಉಣ್ಣೆ ಹೆಣೆಯುವುದು ಕಲಿಸುತ್ತಿದ್ದರು. ಬರುವವರಲ್ಲಿ ಅತಿ ಹೆಚ್ಚು ಮಾತಿನವಳು ದಾಕ್ಷಾಯಣಿ. ಬಸ್ ಕಂಡಕ್ಟರ್. ಮುಂಜಾನೆಯ ಮೊದಲ ಗಾಡಿಗೆ ಹೋಗುವವಳು, ಚಳಿಗೆ ತನ್ನ ಟೋಪಿ ತಾನೇ ಹೆಣೆದುಕೊಂಡಿದ್ದಳು.

“ಅಕ್ಕಾರ, ನನ್ನ ಹಣಿ ನೋಡ್ರಿ, ಹೆಂಗ ಬರಿ ಎದ್ದೈತಿ! ಪ್ಯಾಸೆಂಜರ್ ಮಂದಿ ‘ಏನ್ರೀ ಬಾಯಾರ, ತಲಿಗೆ ಹಗ್ಗಾ ಕಟ್ಟಿದ್ರೇನು’ ಅಂತ ನಗ್ತಾರ.”

ನೀಲಕ್ಕ ಟೋಪಿಯ ಅಂಚು ಜಗ್ಗಿ ನೋಡಿದರು. “ಬಾರ್ಡರ್ ಸುರು ಮಾಡಿದ್ದ ಬಿಗಿ ಆಗೇತವ್ವಾ. ಸುರುವಾತ ಹೆಂಗಿರಬೇಕಂದ್ರ, ಎಲ್ಲಿ ಸುರು ಆತು ಅಂತ ಕಣ್ಣಿಗೂ ಕಾಣಬಾರದು, ಹಣಿಗೂ ತಿಳೀಬಾರದು. ಕೊಳವಿ ಹಂಗ ದುಂಡಗಿರಬೇಕು.”

ಹಾಗೆ ಹೇಳಿ ನನ್ನನ್ನು ಎತ್ತಿಕೊಂಡರು. ಕಡ್ಡಿಯ ಮೇಲೆ ಬೇಕಾದದ್ದರ ಅರ್ಧದಷ್ಟು ಕುಣಿಕೆಗಳನ್ನು ನನ್ನಿಂದ ಹಾಕಿದರು. ನನ್ನ ಹೆಗಲ ಮೇಲೆ ಉಣ್ಣೆಯ ಕೆಲವು ಸಾಲು ಹೆಣೆದರು. ಆಮೇಲೆ ಕೆಳಗೆ ನನ್ನನ್ನು ಅಪ್ಪಿಕೊಂಡಿದ್ದ ಉಣ್ಣೆಯ ಕುಣಿಕೆಗಳನ್ನು ಒಂದೊಂದಾಗಿ ಮೇಲೆತ್ತಿ, ಕಡ್ಡಿಯ ಮೇಲಿದ್ದವುಗಳ ನಡುನಡುವೆ ಕೂರಿಸಿದರು. ಅರ್ಧ ಇದ್ದದ್ದು ಪೂರ್ತಿಯಾಯಿತು. ಒಂದು ಸೀದಾ, ಒಂದು ಉಲ್ಟಾ ಅಂತ ಬಾರ್ಡರ್ ಬೆಳೆಯಿತು. ಕಡೆಗೆ ನನ್ನ ತುದಿ ಹಿಡಿದು ಮೆಲ್ಲಗೆ ಎಳೆದರು. ನಾನು ಸರ್ರನೆ ಹೊರಗೆ ಬಂದೆ. ಹಿಂದೆ ಉಳಿದ ಅಂಚು ಮಗುವಿನ ತುಟಿಯ ಹಾಗೆ ದುಂಡಗೆ, ಮೆತ್ತಗೆ ಇತ್ತು.

“ಈ ಕೆಂಪು ದಾರಕ್ಕ ಏನಂತಾರ್ರೀ?”

“ಕಡೀಕ ಬ್ಯಾಡಾಗತೈತಲ್ಲ, ಅದಕ್ಕ ಬ್ಯಾಡಾದ ದಾರ. ನಾ ಬರೇ ‘ಬ್ಯಾಡಾ’ ಅಂತೀನಿ. ಏ ಆ ಬ್ಯಾಡಾ ಕೊಡು ಇಲ್ಲೆ, ಬ್ಯಾಡಾ ಎಲ್ಲಿ ಹೋತು, ಹಿಂಗ.”

ದಾಕ್ಷಾಯಣಿ ಬಿದ್ದು ಬಿದ್ದು ನಕ್ಕಳು. ನಾನೂ ಸಿಟ್ಟಾಗಲಿಲ್ಲ. ನೀಲಕ್ಕನ ಬಾಯಲ್ಲಿ ಅದು ಮುದ್ದಿನ ಹೆಸರಿನಂತೆ ಕೇಳುತ್ತಿತ್ತು.

ಇಂಥ ಅಂಚು ಸುರು ಮಾಡಲು ನೀಲಕ್ಕನ ಹತ್ತಿರ ಮೂರು ವಿಧಾನ ಇದ್ದವು, ಮೇಲೆ ಹೇಳಿದ್ದು ಮೊದಲನೆಯದು. ಎರಡನೆಯ ವಿಧಾನದಲ್ಲಿ ನನಗೆ ಕೆಲಸವಿಲ್ಲ. ಉಣ್ಣೆಯನ್ನೇ ಹೆಬ್ಬೆರಳಿಗೂ ತೋರುಬೆರಳಿಗೂ ಹಿಗ್ಗಲಿಸಿ, ಕಡ್ಡಿಯನ್ನು ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ತೂರಿಸುವುದು. ದಾಕ್ಷಾಯಣಿಯ ಕುಣಿಕೆಗಳು ಅದರಲ್ಲಿ ಕಡ್ಡಿಯ ಸುತ್ತ ತಿರುಚಿಕೊಂಡು ಬಿಡುತ್ತಿದ್ದವು. “ರಶ್ ಬಸ್ಸಿನಾಗ ನಿಂತಂಗ ನಿಂತಾವ ನೋಡ್ರಿ, ಒಂದರ ಮಾರಿ ಅತ್ತಾಗ, ಒಂದರ ಮಾರಿ ಇತ್ತಾಗ!” ಅಂತ ಅವಳೇ ಬೈದುಕೊಳ್ಳುತ್ತಿದ್ದಳು. ಮತ್ತೆ ನನ್ನಿಂದಲೇ ಸುರು ಮಾಡಿ, ಮೊದಲ ಸಾಲಿನಲ್ಲಿ ಒಂದು ಹೆಣೆದು ಒಂದು ಸುತ್ತು ಹಾಕುವ ಮೂರನೆಯ ವಿಧಾನ ಇತ್ತು. ಅದನ್ನು ಮುಂದಿನ ವಾರ ತೋರಿಸುವೆ ಎಂದಿದ್ದರು ನೀಲಕ್ಕ.

ಆ ವಾರ ಬರಲಿಲ್ಲ. ಒಂದು ಮುಂಜಾನೆ ನನ್ನನ್ನು ಕಡ್ಡಿಗೆ ಏರಿಸುತ್ತಿದ್ದಾಗ ಅವರ ಬಲಗೈ ಇದ್ದಕ್ಕಿದ್ದಂತೆ ಸೋತಿತು. ಕಡ್ಡಿ ನೆಲಕ್ಕೆ ಬಿತ್ತು. ಶಿವಲೀಲಾ ಓಡಿ ಬರುವಷ್ಟರಲ್ಲಿ ಅವರ ಬಾಯಿ ಒಂದು ಕಡೆಗೆ ಎಳೆದಿತ್ತು. ಲಕ್ವಾ.

ಆಸ್ಪತ್ರೆಯಿಂದ ಬಂದವರ ಬಾಯಲ್ಲಿ ಉಳಿದದ್ದು ಒಂದೇ ಮಾತು. “ಬ್ಯಾಡ.” ಚಹಾ ಕೊಟ್ಟರೂ ಬ್ಯಾಡ, ಹೊದಿಕೆ ಹೊದಿಸಿದರೂ ಬ್ಯಾಡ. ಎಲ್ಲ ಮಾತೂ ಅವರ ತಲೆಯೊಳಗೆ ಇತ್ತು, ಹೊರಗೆ ಬರುವ ಬಾಗಿಲು ಮಾತ್ರ ಅದೊಂದೇ. ವ್ಯಾಯಾಮ ಮಾಡಿಸುವ ಹುಡುಗಿ ದಿನಾ ಬಂದು ಬಲಗೈಯ ಬೆರಳು ಬಿಡಿಸುತ್ತಿದ್ದಳು. “ಈಗ ಬಿಟ್ರ ಕೈ ಸೆಟದು ಹಂಗ ಉಳದು ಬಿಡತೈತ್ರೀ” ಎಂದು ಹೇಳಿದ್ದಳು. ನೀಲಕ್ಕ ಅವಳಿಗೂ “ಬ್ಯಾಡ” ಅಂದರು. ಅನ್ನುವಾಗ ಅವರ ಕಣ್ಣು ನಾನಿದ್ದ ಬುಟ್ಟಿಯ ಕಡೆ ಬರುತ್ತಿತ್ತು. ನಾನು ಕಂಡೆ. ಕಂಡು ಏನು ಮಾಡಲಿ? ದಾರಕ್ಕೆ ಬಾಯಿಲ್ಲ.

ಶಿವಲೀಲಾ ಕೆಟ್ಟವಳಲ್ಲ. ಗಂಡನ ಅಕ್ಕನ ಮಾತು ಎಂದೂ ಮೀರಿದವಳಲ್ಲ, ಪೇಚು ಬಂದದ್ದೇ ಅಲ್ಲಿ. “ಅಕ್ಕಾರು ಇಷ್ಟ ಬ್ಯಾಡ ಬ್ಯಾಡ ಅನ್ನಾಕತ್ತಾರ, ಯಾಕ ಅವರ ಜೀವಾ ತಿನ್ನೋದು?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ನಾಳೆಯಿಂದ ಬರಬೇಡವೆಂದು ಆ ಹುಡುಗಿಗೆ ಫೋನ್ ಮಾಡಿದಳು. ನೋಡಿದರೆ ನೀಲಕ್ಕನಿಗೆ ಸಂಕಟವಾದೀತೆಂದು ಹೆಣಿಗೆಯ ಚೂರುಪಾರುಗಳನ್ನೆಲ್ಲ ಒಂದು ಕ್ಯಾರಿಬ್ಯಾಗಿಗೆ ತುಂಬಿ ಗೇಟಿನ ಹತ್ತಿರ ಇಟ್ಟಳು. ಅದರೊಳಗೆ ನಾನೂ ಇದ್ದೆ. ಚೀಲದ ತೂತಿನಿಂದ ನನ್ನ ಒಂದು ತುದಿ ಹೊರಗೆ ಜೋತಾಡುತ್ತಿತ್ತು. ಓಣಿಯ ಕೊನೆಯಲ್ಲಿ ಕಸದ ಗಾಡಿಯ ಹಾಡು ಸುರುವಾಯಿತು.

ಅದೇ ಹೊತ್ತಿಗೆ ದಾಕ್ಷಾಯಣಿ ಬಂದಳು. ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ. ಎರಡನೆಯ ವಿಧಾನವನ್ನು ತಾನೇ ಕೂತು ಕಲಿತ ತುಂಡೊಂದನ್ನು ನೀಲಕ್ಕನ ಮುಂದೆ ಹಿಡಿದಳು. “ನೋಡ್ರಿ ಅಕ್ಕಾರ, ಈ ಸಲ ಎಲ್ಲಾರೂ ಒಂದ ಕಡೆ ಮಾರಿ ಮಾಡಿ ನಿಂತಾರ!”

ನೀಲಕ್ಕ ತುಂಡನ್ನು ನೋಡಿದರು. ಎಡಗೈಯನ್ನು ಗೇಟಿನ ಕಡೆ ಚಾಚಿದರು. “ಬ್ಯಾಡ.”

“ಚಲೋ ಆಗಿಲ್ಲೇನ್ರಿ?”

“ಬ್ಯಾಡ! ಬ್ಯಾಡ!” ಕೈ ಮತ್ತೆ ಗೇಟಿನ ಕಡೆಗೇ ಹೋಯಿತು. ಮುಖ ಕೆಂಪಾಗಿತ್ತು.

“ಹೋಗಂತ ಹೇಳಾಕತ್ತಾರವ್ವಾ,” ಶಿವಲೀಲಾ ಮೆತ್ತಗೆ ಅಂದಳು. “ತಪ್ಪು ತಿಳೀಬ್ಯಾಡ. ಯಾರೂ ಬ್ಯಾಡಾಗ್ಯಾರ ಅವರಿಗೆ.”

ದಾಕ್ಷಾಯಣಿ ತುಂಡನ್ನು ತನ್ನ ಹೆಗಲ ಚೀಲಕ್ಕೆ ತುರುಕಿ ಎದ್ದಳು. ಹಾಡು ಹತ್ತಿರ ಬಂತು. ಗಾಡಿಯವನು ಇಳಿದು ನಮ್ಮ ಚೀಲ ಎತ್ತಿದ. ಇವಳು ಚಪ್ಪಲಿ ಮೆಟ್ಟಿ, ಹೋಗಿ ಬರ್ತೀನ್ರಿ ಅಂತ ಹೇಳಲು ಒಮ್ಮೆ ತಿರುಗಿದಳು.

ನೀಲಕ್ಕ ಅಳುತ್ತಿದ್ದರು. ಅಳುತ್ತಲೇ ಎಡಗೈಯ ಎರಡು ಬೆರಳು ಜೋಡಿಸಿ, ಗಾಳಿಯಲ್ಲಿ ಏನೋ ಹಿಡಿದವರಂತೆ, ಮೆಲ್ಲಗೆ, ಉದ್ದಕ್ಕೆ ಎಳೆದರು. ಮತ್ತೆ ಎಳೆದರು.

ದಾಕ್ಷಾಯಣಿ ಆ ಬೆರಳುಗಳನ್ನು ನೋಡಿದಳು, ಗೇಟಿನ ಕಡೆ ನೋಡಿದಳು. ಗಾಡಿಗೆ ಏರುತ್ತಿದ್ದ ಚೀಲದಿಂದ ಕೆಂಪಗೆ ಜೋತಾಡುತ್ತಿದ್ದೆ ನಾನು.

“ಅಯ್ಯ ನಮ್ಮವ್ವ! ಬ್ಯಾಡ ಅಲ್ರೀ ಅದು, ಬ್ಯಾಡಾ! ದಾರಾ ಕೇಳಾಕತ್ತಾರ್ರೀ ಅಕ್ಕಾರು!”

ಗಾಡಿ ಹೊರಟೇ ಬಿಟ್ಟಿತು. ಅವಳು ಬೀದಿಗೆ ಹಾರಿ, ಇಡೀ ಓಣಿ ಬೆಚ್ಚಿಬೀಳುವಂತೆ ಕೂಗಿದಳು: “ಹೋಲ್ಡಾನ್!” ಬಸ್ಸು ನಿಲ್ಲಿಸುವ ಕಂಡಕ್ಟರಿನ ಕಂಠ! ಡ್ರೈವರ್ ಬ್ರೇಕ್ ಒತ್ತಿ, ಆಮೇಲೆ ಯಾರು ಕೂಗಿದರೆಂದು ನೋಡಿದ. ಬಾಳೆಹಣ್ಣಿನ ಸಿಪ್ಪೆಯ ಪಕ್ಕದಿಂದ ಅವಳು ನನ್ನನ್ನು ಎಳೆದುಕೊಂಡಳು.

ನನ್ನನ್ನು ಕೈಗಿಟ್ಟಾಗ ನೀಲಕ್ಕ ಅಂದದ್ದೂ “ಬ್ಯಾಡ” ಅಂತಲೇ. ಆದರೆ ಅದನ್ನು ಕೇಳಿ ಶಿವಲೀಲಾ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕೂತಳು. “ಹಂಗಾದ್ರ ಇಷ್ಟ ದಿನಾ... ಚಹಾ ಬೇಕಾಗಿತ್ತೇನ್ರೀ ಅಕ್ಕಾರ? ಆ ಹುಡಿಗಿನೂ ಬೇಕಾಗಿದ್ಳೇನ್ರೀ?” ನೀಲಕ್ಕ ತಲೆಯಾಡಿಸಿದರು. ಹೌದು, ಹೌದು ಅಂತ. ತಲೆಯ ಕಡೆ ಯಾರೂ ನೋಡಿರಲಿಲ್ಲ ನೋಡಿ, ಎಲ್ಲರ ಕಿವಿ ಬಾಯಿಯ ಕಡೆಗೇ ಇತ್ತು. ಆ ಸಂಜೆಯೇ ವ್ಯಾಯಾಮದ ಹುಡುಗಿಗೆ ಮತ್ತೆ ಫೋನ್ ಹೋಯಿತು.

ಈಗ ನನಗೆ ವಯಸ್ಸಾಗಿದೆ. ನುಣುಪು ಹೋಗಿದೆ, ಮೈಯೆಲ್ಲ ಜುಂಗು ಎದ್ದಿದೆ. ಎಳೆದರೆ ಸರ್ರನೆ ಬರುವುದಿಲ್ಲ, ಕುಣಿಕೆ ಕುಣಿಕೆಗೂ ತಡೆಯುತ್ತೇನೆ. ಬೇರೆ ಯಾರಾದರೂ ಆಗಿದ್ದರೆ ಎಂದೋ ಒಗೆಯುತ್ತಿದ್ದರು. ವ್ಯಾಯಾಮದ ಹುಡುಗಿ ಮಾತ್ರ, “ಇದ ಇರಲಿ, ಬೆರಳಿಗೆ ಜಗ್ಗಾಕ ಏನರ ಬೇಕಲ್ಲ” ಅಂದಳು. ದಾಕ್ಷಾಯಣಿ ರಜೆಯ ದಿನ ಬಂದು ನನ್ನಿಂದ ಸುರು ಮಾಡಿ ಒಂದು ಬಾರ್ಡರ್ ಹೆಣೆದಿಡುತ್ತಾಳೆ. ಮೂರನೆಯ ವಿಧಾನವನ್ನೂ ಹಾಗೇ ಕಲಿತಳು, ನೀಲಕ್ಕನ ಎಡಗೈ ಕಡ್ಡಿ ತಟ್ಟಿ ತಟ್ಟಿ ತಪ್ಪು ತೋರಿಸಿ ಕಲಿಸಿತು.

ನನ್ನನ್ನು ಹೊರಗೆ ಎಳೆಯುವ ಕೆಲಸ ಬಲಗೈಯದು. ಹೆಬ್ಬೆರಳು ಬರುತ್ತದೆ, ನಡುಗುತ್ತದೆ, ನನ್ನ ತುದಿ ಸಿಕ್ಕು ತಪ್ಪುತ್ತದೆ. ಶಿವಲೀಲಾ ಚಹಾ ತಂದು ಸ್ಟೂಲಿನ ಮೇಲಿಟ್ಟು, ಬೇಕೋ ಬೇಡವೋ ಅಂತ ಕೇಳದೆ ಪಕ್ಕದಲ್ಲೇ ಕೂತು ಕಾಯುತ್ತಾಳೆ. ಚಹಾದ ಮೇಲೆ ಕೆನೆ ಕಟ್ಟುತ್ತದೆ. ಇವತ್ತು ಬೆರಳೆರಡೂ ನನ್ನನ್ನು ಹಿಡಿದವು, ಒಂದು ಕುಣಿಕೆಯಿಂದ ಹೊರಗೆ ತಂದವು. ಇನ್ನೂ ಬಹಳ ಕುಣಿಕೆಗಳಲ್ಲಿ ನಾನಿದ್ದೇನೆ. ನನಗೇನೂ ಅವಸರವಿಲ್ಲ.