ಸಿಂಪಲ್ ಗಾಯ

ಹದಿನಾರು ವರ್ಷದಿಂದ ಈ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನಲ್ಲಿ ಎಂಥೆಂಥ ಗಾಯ ತೊಳೆದಿದ್ದೇನೆ. ಒಡಹುಟ್ಟಿದ ಅಕ್ಕನ ಕಿವಿ ಹರಿದು ನೇತಾಡುವುದನ್ನು ನೋಡಿದಾಗ ಮಾತ್ರ ಮುಖ ತಿರುಗಿಸಿದೆ. ಭಾವ ಬೆಲ್ಟಿನ ಬಕಲ್ಲಿನಿಂದ ಬಾರಿಸಿದ್ದ. ಬಿದ್ದ ಮೇಲೆ ಬೆನ್ನು, ಹೊಟ್ಟೆ ಎನ್ನದೆ ಬೂಟುಗಾಲಲ್ಲಿ ಒದ್ದಿದ್ದ. ಬಾಗಿಲು ತೆಗೆಯಲು ಎರಡು ನಿಮಿಷ ತಡ ಮಾಡಿದಳಂತೆ. ಅವನ ಕೈ ಸೇದಿಹೋಗ.

ಡಾಕ್ಟರು ಎಕ್ಸ್‌ರೇ ನೋಡಿ, ಪೊಲೀಸರಿಗೆ ಕೊಡುವ ಸರ್ಟಿಫಿಕೇಟಿನಲ್ಲಿ 'ಸಿಂಪಲ್' ಎಂದು ಬರೆದರು.

"ಇದು ಸಿಂಪಲ್ಲಾ ಡಾಕ್ಟ್ರೇ?" ಗೊತ್ತಿದ್ದೂ ಕೇಳಿದೆ.

"ಮೂಳೆ ಮುರಿದಿಲ್ಲ, ಹಲ್ಲು ಮುರಿದಿಲ್ಲ. ನಾನೇನು ಮಾಡ್ಲಿ ಸಿಸ್ಟರ್?" ಎಂದು ಸೀಲು ತರಲು ಪಕ್ಕದ ಕೋಣೆಗೆ ಹೋದರು.

ಹೊರಗಿನವರ ಬಾಯಲ್ಲಿ ಸಿಂಪಲ್ ಎಂದರೆ ಹತ್ತು ಜನ ಸೇರಿದ ಮದುವೆ, ಸುಲಭದ ಲೆಕ್ಕ. ನಮ್ಮ ಕಾಗದದಲ್ಲಿ ಹನ್ನೊಂದು ಹೊಲಿಗೆ, ಬೆನ್ನು ತುಂಬ ಬಾಸುಂಡೆ. ಎಷ್ಟೋ ಹೆಂಗಸರಿಗೆ ನಾನೇ ಇದನ್ನು ಬಿಡಿಸಿ ಹೇಳಿ, ಸಮಾಧಾನ ಮಾಡಿ ಮನೆಗೆ ಕಳಿಸಿದ್ದೇನೆ. ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಬಾಗಿಲಲ್ಲಿದ್ದ ಪೊಲೀಸಿನವನು ಗಂಟಲು ಸರಿಮಾಡಿಕೊಂಡ. "ಸಿಂಪಲ್ ಅಂದ್ರೆ ನಿಮ್ಮ ಭಾವನನ್ನ ಸಂಜೆಗೇ ಬಿಟ್ಟುಬಿಡ್ತಾರಮ್ಮ. ಹೊರಗೆ ಬಂದ ತಕ್ಷಣ ಇವಳನ್ನ ಮುಗಿಸ್ತೀನಿ ಅಂತ ಲಾಕಪ್ಪಲ್ಲೇ ಕೂಗಾಡ್ತಿದ್ದಾನೆ. ಎಲ್ಲಾದ್ರೂ ದೂರ ಕಳಿಸಿ." ಹೇಳಿ, ಬೀಡಿ ಸೇದಲು ಹೊರಟ.

"ದೊಡ್ಡ ಗಾಯ ಅಂತ ಬರೀಬೇಕಾದ್ರೆ ಏನಾಗಿರ್ಬೇಕೇ?" ಅಕ್ಕ ಮೆಲ್ಲಗೆ ಕೇಳಿದಳು.

"ಒಂದು ಹಲ್ಲು ಮುರಿದಿದ್ರೂ ಸಾಕಿತ್ತು," ಅಂದೆ. ನನ್ನ ಹಾಳು ನಾಲಿಗೆ.

ಅಕ್ಕ ಎದ್ದು ಕೈತೊಳೆಯುವ ತೊಟ್ಟಿಯ ಅಂಚು ಹಿಡಿದಳು. ಉಗಿಯಲು ಹೋದಳೆಂದುಕೊಂಡೆ. ಬಾಯಿ ತೆರೆದು, ತಲೆಯನ್ನು ಹಿಂದಕ್ಕೆಳೆದು ಕಲ್ಲಿನ ಅಂಚಿಗೆ ಅಪ್ಪಳಿಸಿದಳು. ನಾನು ಭುಜ ಹಿಡಿದೆಳೆದೆ. ಮೊಣಕೈಯಿಂದ ನನ್ನ ಎದೆಗೆ ತಿವಿದು ಇನ್ನೊಮ್ಮೆ ಅಪ್ಪಳಿಸಿದಳು. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದು ತೊಟ್ಟಿಗೆ ಬಿತ್ತು. ತುಟಿ ಸೀಳಿ ರಕ್ತ ಕುತ್ತಿಗೆಗಿಳಿಯಿತು.

"ಒಂದೇ ಸಾಕಾ?" ಎಂದಳು.

ನನಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಡಾಕ್ಟರು ಬಂದರು. ತೊಟ್ಟಿ ನೋಡಿದರು, ಅಕ್ಕನನ್ನು ನೋಡಿದರು.

"ಇದು ಯಾವಾಗ ಆಯ್ತು ಸಿಸ್ಟರ್?"

ಹದಿನಾರು ವರ್ಷದಲ್ಲಿ ಇಲ್ಲಿ ಒಂದು ಸುಳ್ಳೂ ಹೇಳಿದವಳಲ್ಲ ನಾನು.

"ಅವನೇ ಮುರಿದದ್ದು," ಅಂದೆ. "ಆಗಲೇ ಅಲ್ಲಾಡ್ತಿತ್ತು, ಬಾಯಿ ತೊಳೆಸಿದಾಗ ಬಿತ್ತು."

ಡಾಕ್ಟರು ಬರೆದಿದ್ದ ಹಾಳೆಯನ್ನು ಹರಿದು ಹೊಸದನ್ನು ತೆಗೆದುಕೊಂಡರು.

ಅಕ್ಕ ನನ್ನ ಕೈ ಹಿಡಿದು, "ಇನ್ನು ಸಂಜೆಗೆ ಬರಲ್ಲ ಅಲ್ವೇನೇ ಅವನು?" ಎಂದು ಕೇಳಿದಳು.